ಪುಕ್ಕಟೆ ಅಂಗಡಿಯ ಬಾಡಿಗೆ ಯಾರು ಕಟ್ಟುತ್ತಾರೆ?

ಹಲಸಿನ ಹಪ್ಪಳ, ಮಾಂಬಳ, ಪುನರ್ಪುಳಿ ಸಿಪ್ಪೆ, ಜೇನು, ಜೋನಿಬೆಲ್ಲ. ಹದಿನೈದು ವರ್ಷದ ಹಿಂದೆ ಇಂಥದ್ದನ್ನು ಮಾರಬೇಕಾದರೆ ಪೇಟೆಯ ಅಂಗಡಿಯವರ ಮರ್ಜಿ ಕಾಯಬೇಕಿತ್ತು. ಇಲ್ಲವೇ ಜಾತ್ರೆಯೋ ಮೇಳವೋ ಬರಬೇಕಿತ್ತು. ಈಗ ಹಾಗಿಲ್ಲ. ಜಗಲಿಯಲ್ಲಿ ಕೂತು ಫೋಟೊ ತೆಗೆದು ವಾಟ್ಸಪ್ಪಿಗೆ ಹಾಕಿದರೆ ಬೆಂಗಳೂರಿನಿಂದಲೂ ಮುಂಬಯಿಯಿಂದಲೂ "ನನಗೆರಡು ಕಿಲೊ" ಅಂತ ಉತ್ತರ ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ಸಂತೆಗಳು ನಿಂತಾಗ ಎಷ್ಟೋ ಕೃಷಿಕರು ಕಲ್ಲಂಗಡಿ, ಅನಾನಸು, ಮಾವನ್ನು ಕೊಳೆಯುವ ಮೊದಲು ಖಾಲಿ ಮಾಡಿದ್ದು ಈ ದಾರಿಯಿಂದಲೇ.

ಖರ್ಚೆಷ್ಟು ಕೇಳಿದರೆ "ಏನೂ ಇಲ್ಲ, ಧರ್ಮಕ್ಕೆ" ಅನ್ನುತ್ತೇವೆ. ಧರ್ಮಕ್ಕೆ ಸಿಗುವ ಅಂಗಡಿಕೋಣೆ ಯಾವ ಪೇಟೆಯಲ್ಲಿದೆ ಹೇಳಿ! ಕಟ್ಟಡಕ್ಕೆ, ಕರೆಂಟಿಗೆ, ಕೆಲಸದವರ ಸಂಬಳಕ್ಕೆ ಯಾರೋ ದುಡ್ಡು ಹಾಕುತ್ತಿರಲೇಬೇಕು. ಯಾರು? ಯಾಕೆ? ಇದು ಗೊತ್ತಿಲ್ಲದೆ ನಮ್ಮ ಮಾರಾಟವನ್ನೆಲ್ಲ ಆ ಒಂದು ಅಂಗಡಿಗೇ ಕಟ್ಟಿಹಾಕಿದರೆ ಮುಂದೆ ಕಷ್ಟ. ಗೊತ್ತಿದ್ದು ಬಳಸಿದರೆ ಸಣ್ಣ ಕೃಷಿಕನಿಗೆ ಅದು ಬಹಳ ಒಳ್ಳೆಯ ಸಾಧನ.

ಮೊಬೈಲು, ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವುದರಲ್ಲಿ ಎರಡು ಜಾತಿ. ಒಂದು, ಕಂಪೆನಿ ತನ್ನ ಲಾಭಕ್ಕಾಗಿ ಪುಕ್ಕಟೆ ಬಿಟ್ಟದ್ದು. ಇನ್ನೊಂದು, ಬಹಳ ಮಂದಿ ಸೇರಿ ಎಲ್ಲರಿಗೂ ಅಂತ ಮಾಡಿ ಇಟ್ಟದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗಿನ ಲೆಕ್ಕ ಬೇರೆ ಬೇರೆ.

ಮೊದಲನೆಯ ಜಾತಿ: ಬೆಳೆ ನಾವೇ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಪ್ ಮೂರೂ ಒಂದೇ ಮನೆಯವು. ಯಜಮಾನ ಕಂಪೆನಿಯ ಹೆಸರು ಮೆಟಾ. 2024ರಲ್ಲಿ ಇದರ ಒಟ್ಟು ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ಶೇಕಡಾ 97ಕ್ಕೂ ಹೆಚ್ಚು ಪಾಲು ಜಾಹೀರಾತಿನದ್ದು.

ಅಂದರೆ ಅವರ ಬೆಳೆ ಯಾವುದು? ನಮ್ಮ ಕಣ್ಣು. ನಾವು ಎಷ್ಟು ಹೊತ್ತು ನೋಡುತ್ತೇವೆ, ಏನನ್ನು ನೋಡಿ ನಿಲ್ಲುತ್ತೇವೆ, ಯಾವ ಊರಿನವರು, ಏನು ಕೊಳ್ಳುವವರು, ಇದೆಲ್ಲ ಅಲ್ಲಿ ದಾಖಲಾಗುತ್ತದೆ. ಟ್ರ್ಯಾಕ್ಟರಿನ ಜಾಹೀರಾತು ಕೃಷಿಕನಿಗೆ, ಸೀರೆಯದ್ದು ಸೀರೆ ಹುಡುಕುವವರಿಗೆ ತೋರಿಸಲು ವ್ಯಾಪಾರಿಗಳು ದುಡ್ಡು ಕೊಡುತ್ತಾರೆ. ನಮ್ಮ ಪುಕ್ಕಟೆ ಅಂಗಡಿಯ ಬಾಡಿಗೆ ಕಟ್ಟುವುದು ಆ ದುಡ್ಡು.

ಇದರಲ್ಲಿ ಮೋಸ ಇದೆ ಅಂತಲ್ಲ. ದಿನಪತ್ರಿಕೆಯ ದರ ಕಡಿಮೆ ಇರುವುದೂ ಜಾಹೀರಾತಿನಿಂದಲೇ. ಆದರೆ ಅಂಗಡಿಯ ನಿಯಮ ಮಾಡುವವರು ನಾವಲ್ಲ ಎಂಬುದು ನೆನಪಿರಬೇಕು. 2014ರಲ್ಲಿ ವಾಟ್ಸಪ್ಪನ್ನು ಆಗಿನ ಫೇಸ್‌ಬುಕ್ ಕಂಪೆನಿ ಕೊಳ್ಳಲು ಒಪ್ಪಿದ್ದು 1,900 ಕೋಟಿ ಡಾಲರಿಗೆ. 2016ರಲ್ಲಿ ವಾಟ್ಸಪ್ಪಿನ ವರ್ಷಕ್ಕೊಂದು ಡಾಲರ್ ಶುಲ್ಕ ನಿಂತಿತು. ಜಾಹೀರಾತು ಇಲ್ಲವೇ ಇಲ್ಲ ಅಂತ ಹೆಸರು ಮಾಡಿದ್ದ ವಾಟ್ಸಪ್ಪಿನೊಳಗೂ ಸ್ಟೇಟಸ್ ನೋಡುವಲ್ಲಿ ಜಾಹೀರಾತು ತರುವುದಾಗಿ 2025ರ ಜೂನಿನಲ್ಲಿ ಕಂಪೆನಿ ಪ್ರಕಟಿಸಿತು.

ನಿಯಮ ಬದಲಾದರೆ?

ಇಂಥ ಬದಲಾವಣೆ ಇದೇ ಮೊದಲಲ್ಲ. ಕೆಲವನ್ನು ಮಾತ್ರ ನೋಡಿ.

2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಹಾಕಿತು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಹೆಸರು ಅದು.

2018ರ ಜನವರಿಯಲ್ಲಿ, ವ್ಯಾಪಾರದ ಪುಟಗಳಿಗಿಂತ ಗೆಳೆಯರು, ಮನೆಯವರು ಬರೆದದ್ದನ್ನು ಮುಂದೆ ತೋರಿಸುತ್ತೇವೆ ಎಂದು ಫೇಸ್‌ಬುಕ್ ಸಾರಿತು. ಪುಟಕ್ಕೆ ಸಾವಿರ ಮಂದಿ ಹಿಂಬಾಲಕರಿದ್ದರೂ ನಾವು ಹಾಕಿದ್ದು ಸಾವಿರ ಮಂದಿಗೂ ಕಾಣುತ್ತದೆ ಎಂಬ ಖಾತರಿ ಇಲ್ಲ. ಹೆಚ್ಚು ಮಂದಿಗೆ ಕಾಣಬೇಕೇ? ದುಡ್ಡು ಹಾಕಿ.

2018ರಲ್ಲೇ ಭಾರತದಲ್ಲಿ ವಾಟ್ಸಪ್ ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂಬ ಮಿತಿ ಬಂತು. ಬಹಳ ಸಲ ಕೈ ಬದಲಿಸಿದ ಸಂದೇಶಕ್ಕೆ 2020ರ ಏಪ್ರಿಲಿನಿಂದ ಒಮ್ಮೆಗೆ ಒಂದೇ ಕಡೆ. ಸುಳ್ಳುಸುದ್ದಿ ತಡೆಯಲು ಮಾಡಿದ್ದು, ಸರಿಯೇ. ಆದರೆ ಬೆಲ್ಲದ ಸುದ್ದಿಗೂ ಅದೇ ನಿಯಮ.

2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ವಿಡಿಯೊ ಹಾಕಿ ಲಕ್ಷ ಲಕ್ಷ ನೋಡುಗರನ್ನು ಗಳಿಸಿದ್ದವರು ಬೆಳಗಾಗುವಾಗ ಬರಿಗೈಯಾದರು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ಸ್ತಬ್ಧವಾದವು.

ಇದರಲ್ಲಿ ಯಾವುದೂ ನಮ್ಮ ಕೈಯಲ್ಲಿಲ್ಲ. ಗಿರಾಕಿಗಳ ಹೆಸರು, ಫೋನ್ ನಂಬ್ರ ನಮ್ಮ ಪುಸ್ತಕದಲ್ಲಿದೆಯೇ ಇಲ್ಲವೇ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಇದ್ದವರು ಮರುದಿನ ಫೋನ್ ಎತ್ತಿ ಮಾತಾಡಿಯಾರು. ಇಲ್ಲದವರು ಸೊನ್ನೆಯಿಂದ ಸುರು ಮಾಡಬೇಕು.

ಎರಡನೆಯ ಜಾತಿ: ಊರ ಬೀಜದ ಹಾಗೆ

ಇನ್ನೊಂದು ಬಗೆಯ ಪುಕ್ಕಟೆಗೆ ಇಂಗ್ಲಿಷಿನವರು ಓಪನ್ ಸೋರ್ಸ್ ಅನ್ನುತ್ತಾರೆ. ಕನ್ನಡದಲ್ಲಿ ಮುಕ್ತ ತಂತ್ರಾಂಶ. ಹೆಸರು ಕೇಳಿ ಹೆದರಬೇಡಿ. ನೆರೆಮನೆಯಿಂದ ತಂದ ಊರ ತಳಿಯ ಬೀಜವನ್ನು ನೆನಪು ಮಾಡಿಕೊಂಡರೆ ಅರ್ಥವಾಗುತ್ತದೆ. ಅದನ್ನು ಬಿತ್ತಬಹುದು. ಅದರ ಗುಣ ಏನೆಂದು ಪರೀಕ್ಷೆ ಮಾಡಬಹುದು. ಒಳ್ಳೆಯ ಗಿಡ ಆರಿಸಿ ತಳಿ ಸುಧಾರಿಸಬಹುದು. ಇನ್ನೊಬ್ಬರಿಗೆ ಕೊಡಬಹುದು. ಯಾರ ಅಪ್ಪಣೆಯೂ ಬೇಡ. ಮುಕ್ತ ತಂತ್ರಾಂಶದ ನಿಯಮವೂ ಇದೇ ನಾಲ್ಕು. ಬಳಸು, ಒಳಗೆ ನೋಡಿ ಕಲಿ, ತಿದ್ದು, ಹಂಚು.

ಗೊತ್ತಿಲ್ಲದೆಯೇ ನಾವೆಲ್ಲ ಇದನ್ನು ದಿನಾ ಬಳಸುತ್ತಿದ್ದೇವೆ. ನಮ್ಮ ಆಂಡ್ರಾಯ್ಡ್ ಫೋನಿನ ತಳಪಾಯ ಲಿನಕ್ಸ್. ಅದನ್ನು 1991ರಲ್ಲಿ ಸುರು ಮಾಡಿದ್ದು ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ. ವಿಡಿಯೊ ನೋಡುವ ವಿಎಲ್‌ಸಿ, ಲೆಕ್ಕ ಬರೆಯಲು ಬರುವ ಲಿಬ್ರೆಆಫೀಸ್, ಜಾಲತಾಣ ಕಟ್ಟುವ ವರ್ಡ್‌ಪ್ರೆಸ್, ಎಲ್ಲ ಇದೇ ಜಾತಿ. ವಿಕಿಪೀಡಿಯ, ಊರೂರಿನ ದಾರಿ ತೋರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆ, ಇವೂ ಅದೇ ತತ್ವದ ಮೇಲೆ ನಡೆಯುವಂಥವು. ಇಷ್ಟೇ ಅಲ್ಲ, ವಾಟ್ಸಪ್ಪಿನಲ್ಲಿ ನಾವು ಬರೆದದ್ದು ನಡುದಾರಿಯಲ್ಲಿ ಇತರರಿಗೆ ಓದಲಾಗದಂತೆ ಹಾಕಿದ ಬೀಗ ಇದೆಯಲ್ಲ, ಅದು ಸಿಗ್ನಲ್ ಎಂಬ ಮುಕ್ತ ತಂತ್ರಾಂಶದವರು ರೂಪಿಸಿದ ಬೀಗ.

ಮಣ್ಣು ಹೊರುವವರು ಯಾರು?

ಇಲ್ಲಿ ಜಾಹೀರಾತಿಲ್ಲ. ಹಾಗಾದರೆ ಖರ್ಚು?

ನಮ್ಮ ಕಡೆಯ ಕಟ್ಟ ನೋಡಿ. ಮಳೆ ನಿಂತು ತೋಡಿನ ನೀರು ಇಳಿಯುವ ಹೊತ್ತಿಗೆ ಹತ್ತು ಮನೆಯವರು ಸೇರಿ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ನೀರು ನಿಲ್ಲುತ್ತದೆ. ಆಚೀಚಿನ ಬಾವಿ, ಕೆರೆಗಳ ಒರತೆ ಏರುತ್ತದೆ. ಮಣ್ಣು ಹೊತ್ತವನಿಗೂ ನೀರು, ಹೊರದವನಿಗೂ ನೀರು. ನೀರಿಗೆ ಭೇದ ಇಲ್ಲ. ಆದರೆ ವರ್ಷ ವರ್ಷ ಮಣ್ಣು ಹೊರುವವರು ಕಡಿಮೆಯಾಗುತ್ತ ಬಂದು, ಕೊನೆಗೆ ಒಬ್ಬಿಬ್ಬರು ಹಿರಿಯರು ಮಾತ್ರ ಉಳಿದರೆ? ಒಂದು ವರ್ಷ ಕಟ್ಟ ಏಳುವುದಿಲ್ಲ. ತೋಟ ಒಣಗುವುದು ಎಲ್ಲರದ್ದೂ.

ಕಂಪ್ಯೂಟರ್ ಲೋಕದಲ್ಲಿ ಇದು ನಡೆದೇ ಹೋಯಿತು. ಓಪನ್ಎಸ್ಎಸ್ಎಲ್ ಎಂಬ ಮುಕ್ತ ತಂತ್ರಾಂಶ ಇದೆ. ಬ್ಯಾಂಕು, ಅಂಗಡಿ, ಅಂಚೆ ಅಂತ ಜಗತ್ತಿನ ಅಸಂಖ್ಯ ಜಾಲತಾಣಗಳಿಗೆ ಬೀಗ ಹಾಕುವ ಕೆಲಸ ಅದರದ್ದು. 2014ರ ಏಪ್ರಿಲಿನಲ್ಲಿ ಆ ಬೀಗದಲ್ಲೇ ದೊಡ್ಡ ತೂತು ಇರುವುದು ಬಯಲಾಯಿತು. ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಆಗ ಇನ್ನೊಂದು ಸಂಗತಿಯೂ ಹೊರಬಿತ್ತು. ಇಷ್ಟು ದೊಡ್ಡ ಕೆಲಸಕ್ಕೆ ಪೂರ್ಣಾವಧಿ ದುಡಿಯುತ್ತಿದ್ದದ್ದು ಒಬ್ಬನೇ ಒಬ್ಬ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್! ಕೋಟಿಗಟ್ಟಲೆ ಲಾಭ ಮಾಡುತ್ತಿದ್ದ ಕಂಪೆನಿಗಳು ಆ ಕಟ್ಟದ ನೀರನ್ನೇ ಬಳಸುತ್ತಿದ್ದವು. ಒಂದು ಬುಟ್ಟಿ ಮಣ್ಣು ಹಾಕಿದವರು ಬಹಳ ಕಮ್ಮಿ.

ಬುದ್ಧಿ ಬಂತು ಅನ್ನಿ. ಗೂಗಲ್, ಫೇಸ್‌ಬುಕ್, ಮೈಕ್ರೊಸಾಫ್ಟ್ ಮೊದಲಾದವು ಸೇರಿ ವರ್ಷಕ್ಕೆ ತಲಾ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಒಪ್ಪಿ ಒಂದು ನಿಧಿ ಮಾಡಿದವು.

ದುಡ್ಡು ಬರುವ ನಾಲ್ಕು ದಾರಿ

ಮುಕ್ತ ತಂತ್ರಾಂಶಗಳಿಗೆ ದುಡ್ಡು ಬರುವ ದಾರಿಗಳನ್ನು ಹೀಗೆ ವಿಂಗಡಿಸಬಹುದು.

ಒಂದು, ಬಳಸುವವರ ದೇಣಿಗೆ. ವಿಕಿಪೀಡಿಯದ ತಲೆಬರಹದಲ್ಲಿ ಆಗಾಗ "ಸಹಾಯ ಮಾಡಿ" ಎಂದು ಬರುವುದು ಇದಕ್ಕೇ. ಸಿಗ್ನಲ್ ನಡೆಯುವುದೂ ಮುಖ್ಯವಾಗಿ ಹೀಗೆ. ವಾಟ್ಸಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬ್ರಯಾನ್ ಆ್ಯಕ್ಟನ್, ಆ ಕಂಪೆನಿ ಬಿಟ್ಟು ಬಂದು 2018ರಲ್ಲಿ ಸಿಗ್ನಲ್‌ನ ಪ್ರತಿಷ್ಠಾನಕ್ಕೆ ಐದು ಕೋಟಿ ಡಾಲರ್ ಹಾಕಿದರು. 2025ರ ಹೊತ್ತಿಗೆ ವರ್ಷದ ಖರ್ಚೇ ಸುಮಾರು ಅಷ್ಟಾಗುತ್ತದೆ ಎಂದು ಸಿಗ್ನಲ್‌ನವರು 2023ರಲ್ಲಿ ಲೆಕ್ಕ ಕೊಟ್ಟಿದ್ದರು. ಪುಕ್ಕಟೆ ಸಂದೇಶ ಕಳಿಸುವ ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ.

ಎರಡು, ಕಂಪೆನಿಗಳೇ ಸಂಬಳ ಕೊಟ್ಟು ಕೆಲಸ ಮಾಡಿಸುವುದು. ಲಿನಕ್ಸ್‌ನ ಬಹುಪಾಲು ಕೆಲಸ ಈಗ ಹೀಗೆಯೇ.

ಮೂರು, ಸಾಮಾನು ಪುಕ್ಕಟೆ, ಸೇವೆಗೆ ಶುಲ್ಕ. ಮುಂಬಯಿಯ ಫ್ರಾಪೆ ಎಂಬ ಸಂಸ್ಥೆ ಇಆರ್‌ಪಿನೆಕ್ಸ್ಟ್ ಎಂಬ ವ್ಯಾಪಾರದ ಲೆಕ್ಕಪತ್ರ ತಂತ್ರಾಂಶವನ್ನು ಮುಕ್ತವಾಗಿ ಕೊಡುತ್ತದೆ. ತಾವೇ ಹೂಡಿಕೊಂಡರೆ ದುಡ್ಡಿಲ್ಲ. ಅವರೇ ನಡೆಸಿಕೊಡಬೇಕಾದರೆ ಶುಲ್ಕ.

ನಾಲ್ಕು, ನಿಧಿ. ಜರ್ಮನಿಯ ಸರಕಾರ 2022ರಲ್ಲಿ ಇದಕ್ಕಾಗಿ ಪ್ರತ್ಯೇಕ ನಿಧಿ ಮಾಡಿತು. ನಮ್ಮ ಬೆಂಗಳೂರಿನ ಶೇರು ವ್ಯವಹಾರದ ಕಂಪೆನಿ ಜೆರೋದಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬುದನ್ನು ಪ್ರಕಟಿಸಿತು. ವರ್ಷಕ್ಕೆ ಹತ್ತು ಲಕ್ಷ ಡಾಲರ್. ಒಂದೊಂದು ಯೋಜನೆಗೆ ಹತ್ತು ಸಾವಿರದಿಂದ ಒಂದು ಲಕ್ಷ ಡಾಲರಿನ ವರೆಗೆ. ಜಗತ್ತಿನ ಯಾವ ದೇಶದವರೂ ಅರ್ಜಿ ಹಾಕಬಹುದು. ತಮ್ಮ ವ್ಯವಹಾರ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ, ಅದರ ಋಣ ತೀರಿಸಬೇಕು ಎಂಬುದು ಅವರು ಕೊಟ್ಟ ಕಾರಣ.

ಕೃಷಿಕರದ್ದೇ ಒಂದು ಸಂತೆ

"ಇದೆಲ್ಲ ಕಂಪ್ಯೂಟರಿನವರ ವಿಷಯ, ನಮಗೇನು ಮಾರಾಯ್ರೆ?" ಅನ್ನುವಿರಾದರೆ ಆಸ್ಟ್ರೇಲಿಯದ ಈ ಕತೆ ಕೇಳಿ. 2012ರಲ್ಲಿ ಕರ್ಸ್ಟನ್ ಲಾರ್ಸನ್ ಮತ್ತು ಸೆರೆನಿಟಿ ಹಿಲ್ ಎಂಬಿಬ್ಬರು ಓಪನ್ ಫುಡ್ ನೆಟ್‌ವರ್ಕ್ ಸುರು ಮಾಡಿದರು. ಸಣ್ಣ ಕೃಷಿಕರು ಒಟ್ಟಾಗಿ ತಮ್ಮದೇ ಜಾಲಸಂತೆ ನಡೆಸಲು ಬೇಕಾದ ತಂತ್ರಾಂಶ ಅದು. ಈ ವಾರ ಯಾರಲ್ಲಿ ಏನಿದೆ, ದರ ಎಷ್ಟು, ಬಂದ ಆರ್ಡರುಗಳು ಯಾರ್ಯಾರವು, ಯಾವ ದಿನ ಎಲ್ಲಿಗೆ ತಲಪಿಸಬೇಕು, ಎಲ್ಲ ಒಂದೇ ಕಡೆ.

ತಂತ್ರಾಂಶ ಮುಕ್ತವಾದ್ದರಿಂದ ಬ್ರಿಟನ್, ಫ್ರಾನ್ಸ್, ಕೆನಡಾದವರೂ ಅದನ್ನೇ ತೆಗೆದುಕೊಂಡು ತಮ್ಮ ತಮ್ಮ ದೇಶಕ್ಕೆ ಹೊಂದಿಸಿದರು. ಒಂದು ದೇಶದವರು ಮಾಡಿದ ಸುಧಾರಣೆ ಉಳಿದವರಿಗೂ ಸಿಗುತ್ತದೆ. ಖರ್ಚಿಗೆ ದೇಣಿಗೆ, ಅನುದಾನದ ಜತೆ ಬಳಸುವವರ ಪಾಲೂ ಸೇರುತ್ತದೆ. ಲಾಭಕ್ಕಾಗಿ ಕೊಳ್ಳುವ, ಮಾರುವ ಯಜಮಾನ ಇಲ್ಲ. ನಮ್ಮಲ್ಲೂ ಹತ್ತು ಹದಿನೈದು ಮನೆಯವರು ಸೇರಿದ ಗುಂಪಿಗೆ, ಕಂಪ್ಯೂಟರ್ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಸಿಕ್ಕಿದರೆ, ಇಂಥದ್ದು ಅಸಾಧ್ಯ ಅಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಫೇಸ್‌ಬುಕ್, ವಾಟ್ಸಪ್ ಬಿಡಬೇಕು ಎಂದು ಹೇಳುತ್ತಿಲ್ಲ. ಜನ ಇರುವುದು ಅಲ್ಲಿ. ಜಾತ್ರೆಯಲ್ಲಿ ಜನ ಇದ್ದಾರೆ ಅಂತ ಅಲ್ಲಿ ಸ್ಟಾಲ್ ಹಾಕುತ್ತೇವೆ. ಆದರೆ ಜಾತ್ರೆ ಮುಗಿಯುವ ಮೊದಲು ಗಿರಾಕಿಗೆ ಮನೆಯ ದಾರಿ ಹೇಳಿರುತ್ತೇವೆ. ಅಷ್ಟೇ ಉಪಾಯ.

1. ಗಿರಾಕಿ ಪುಸ್ತಕ: ಹೆಸರು, ಫೋನ್, ಊರು, ಕೊಂಡದ್ದೇನು, ಎಷ್ಟು, ಯಾವಾಗ. ಈ ಆರು ಕಾಲಂ ಸಾಕು. ನೋಟುಬುಕ್ಕಿನಲ್ಲಿ ಬರೆಯಿರಿ. ಕಂಪ್ಯೂಟರ್ ಇದ್ದರೆ ಲಿಬ್ರೆಆಫೀಸ್‌ನಲ್ಲಿ ಹಾಕಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇರಲಿ. ಈ ಪಟ್ಟಿಯನ್ನು ಯಾರಿಗೂ ಕೊಡಬೇಡಿ. ನಂಬಿಕೆಯಿಂದ ಕೊಟ್ಟ ನಂಬ್ರ ಅದು.

2. ವಾಟ್ಸಪ್ ಬಿಸಿನೆಸ್: 2018ರಲ್ಲಿ ಬಂದ ಈ ಆ್ಯಪ್ ಸಣ್ಣ ವ್ಯಾಪಾರಿಗಳಿಗಾಗಿಯೇ ಮಾಡಿದ್ದು. ಇದರಲ್ಲಿ ಸಾಮಾನುಗಳ ಫೋಟೊ, ದರ ಜೋಡಿಸಿ ಇಡಬಹುದು. "ಹಣ ಬಂದಿದೆ", "ಪಾರ್ಸೆಲ್ ಹೋಗಬೇಕು" ಅಂತ ಗುರುತು ಹಾಕಬಹುದು. ಮತ್ತೆ ಮತ್ತೆ ಬರುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಡಬಹುದು. ಮನೆಯ ನಂಬ್ರ ಬೇರೆ, ಮಾರಾಟದ ನಂಬ್ರ ಬೇರೆ ಇದ್ದರೆ ತಲೆಬಿಸಿ ಕಡಿಮೆ.

3. ಗುಂಪೋ, ಪಟ್ಟಿಯೋ: ಗುಂಪಿನಲ್ಲಿ 1,024 ಮಂದಿಯ ವರೆಗೆ ಸೇರಿಸಬಹುದು. ಆದರೆ ಕೇಳದೆ ಯಾರನ್ನೂ ಸೇರಿಸಬೇಡಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಗೆ ಮಿತಿ. ನಮ್ಮ ನಂಬ್ರ ಅವರ ಫೋನಿನಲ್ಲಿ ಸೇವ್ ಆಗಿದ್ದರಷ್ಟೇ ಸಂದೇಶ ತಲಪುತ್ತದೆ. ಆದ್ದರಿಂದ ಮೊದಲ ಮಾರಾಟದಲ್ಲೇ "ನಮ್ಮ ನಂಬ್ರ ಸೇವ್ ಮಾಡಿಟ್ಟುಕೊಳ್ಳಿ" ಎಂದು ಹೇಳುವುದು ಮರೆಯಬೇಡಿ.

4. ಹಾಕುವುದೇನು: ಬೆಳಗಿನ ಬಿಸಿಲಿನಲ್ಲಿ ತೆಗೆದ ಸ್ಪಷ್ಟ ಫೋಟೊ. ತೂಕ, ದರ, ಪಾರ್ಸೆಲ್ ವೆಚ್ಚ, ಎಂದಿನ ವರೆಗೆ ಸಿಗುತ್ತದೆ, ಈ ನಾಲ್ಕು ಇರಲೇಬೇಕು. "ದರಕ್ಕೆ ಫೋನ್ ಮಾಡಿ" ಎಂದರೆ ಅರ್ಧ ಮಂದಿ ಮುಂದೆ ಹೋಗುತ್ತಾರೆ. ದಿನಾ "ಕೊಳ್ಳಿ, ಕೊಳ್ಳಿ" ಅನ್ನುವ ಬದಲು ಹಪ್ಪಳ ಒತ್ತುವುದು, ಜೇನು ತೆಗೆಯುವುದು, ಮಳೆಯಿಂದ ಒಣಗದೆ ತಡವಾದದ್ದು, ಇಂಥದ್ದನ್ನೂ ತೋರಿಸಿ. ಪೇಟೆಯವರಿಗೆ ಅದೇ ಹೊಸತು.

5. ಲೇಬಲು, ಪರವಾನಗಿ: ತಿನ್ನುವ ವಸ್ತು ತಯಾರಿಸಿ ಮಾರುವವರು ಎಫ್ಎಸ್ಎಸ್ಎಐ ನೋಂದಣಿ ಮಾಡಿಸಿ ಆ ಸಂಖ್ಯೆಯನ್ನು ಲೇಬಲಿನಲ್ಲಿ ಹಾಕಿ. ಲೇಬಲಿನಲ್ಲಿ ನಿಮ್ಮ ಫೋನ್ ನಂಬ್ರವೂ ದೊಡ್ಡದಾಗಿ ಇರಲಿ. ಯಾವ ಆ್ಯಪ್ ಮುಚ್ಚಿದರೂ ಡಬ್ಬಿಯ ಮೇಲಿನ ನಂಬ್ರ ಮುಚ್ಚುವುದಿಲ್ಲ.

6. ಹಣದ ಜಾಗ್ರತೆ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. "ನಿಮಗೆ ಹಣ ಕಳಿಸಿದ್ದೇವೆ, ಪಿನ್ ಒತ್ತಿ" ಎಂದರೆ ಅವನು ಗಿರಾಕಿ ಅಲ್ಲ, ಕಳ್ಳ. ಹಣ ಬಂದ ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಯನ್ನೇ ನೋಡಿ.

ಜಾಹೀರಾತಿಗೆ ದುಡ್ಡು ಹಾಕುವ ಮೊದಲು

ಫೇಸ್‌ಬುಕ್ಕಿನಲ್ಲಿ ದುಡ್ಡು ಹಾಕಿದರೆ ಬೇಕಾದ ಊರಿನ, ಬೇಕಾದ ವಯಸ್ಸಿನವರಿಗೆ ತೋರಿಸುತ್ತಾರೆ. ಒಳ್ಳೆಯದೇ. ಆದರೆ ಲೈಕು ಎಣಿಸಬೇಡಿ, ಉಳಿದ ದುಡ್ಡು ಎಣಿಸಿ. ಒಂದು ಲೆಕ್ಕ ಮಾಡಿ ನೋಡೋಣ.

ಒಂದು ಕಿಲೊ ಜೇನಿನಲ್ಲಿ ಎಲ್ಲ ಖರ್ಚು ಕಳೆದು 150 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಜಾಹೀರಾತಿಗೆ 1,000 ರೂಪಾಯಿ ಹಾಕಿದಿರಿ. 40 ಮಂದಿ ವಿಚಾರಿಸಿದರು. 5 ಮಂದಿ ಒಂದೊಂದು ಕಿಲೊ ಕೊಂಡರು. ಅಂದರೆ ಒಬ್ಬ ಹೊಸ ಗಿರಾಕಿಗೆ 200 ರೂಪಾಯಿ ಖರ್ಚು, 150 ರೂಪಾಯಿ ಉತ್ಪತ್ತಿ. ಒಟ್ಟು 250 ರೂಪಾಯಿ ನಷ್ಟ.

ಈಗ ಆ ಐವರ ಹೆಸರು ಪುಸ್ತಕದಲ್ಲಿದೆ. ಮುಂದಿನ ಜೇನು ಬಂದಾಗ ನೀವೇ ಸಂದೇಶ ಕಳಿಸಿದಿರಿ. ಮೂವರು ವರ್ಷದೊಳಗೆ ಇನ್ನೆರಡೆರಡು ಸಲ ತರಿಸಿದರು. 6 ಕಿಲೊ, 900 ರೂಪಾಯಿ. ಇದಕ್ಕೆ ಜಾಹೀರಾತು ಖರ್ಚಿಲ್ಲ. 250 ಕಳೆದರೂ 650 ರೂಪಾಯಿ ಉಳಿಯಿತು.

ಹೆಸರು ಬರೆದಿಡದಿದ್ದರೆ? ಅದೇ ಮೂವರನ್ನು ಹುಡುಕಲು ಮತ್ತೆ ದುಡ್ಡು ಕಟ್ಟಬೇಕು. ಜಾಹೀರಾತು ಕೊಡುವುದು ಗಿರಾಕಿಯ ಪರಿಚಯ ಮಾತ್ರ. ಲಾಭ ಬರುವುದು ಅವರು ಎರಡನೆಯ ಸಲ ಬಂದಾಗ. ಆದ್ದರಿಂದ ಐನೂರು, ಸಾವಿರದಲ್ಲಿ ಪರೀಕ್ಷೆ ಮಾಡಿ. ನಿಮ್ಮ ಅಂಕಿಗಳನ್ನೇ ಹಾಕಿ ಇದೇ ಲೆಕ್ಕ ಮಾಡಿ. ಸರಿ ಬಂದರಷ್ಟೇ ಮುಂದುವರಿಸಿ.

ನಮ್ಮ ಒಂದು ಬುಟ್ಟಿ ಮಣ್ಣು

ಇನ್ನು ಕಟ್ಟದ ಮಾತು. ಮುಕ್ತ ತಂತ್ರಾಂಶಕ್ಕೆ ಕೃಷಿಕರು ಲಕ್ಷ ಕೊಡಬೇಕು ಅಂತ ಯಾರೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ನೂರು ರೂಪಾಯಿ ಕೊಟ್ಟರೂ ಪಾಲೇ. ದುಡ್ಡೇ ಆಗಬೇಕೆಂದೂ ಇಲ್ಲ. ನಿಮ್ಮ ಊರಿನ ಮಣ್ಣುರಸ್ತೆ, ತೋಡು, ಕಾಲುಸಂಕವನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಗುರುತಿಸಿ. ಅದರಿಂದ ನಾಳೆ ನಿಮ್ಮ ಮನೆಗೆ ಬರುವ ಗಿರಾಕಿಗೇ ದಾರಿ ಸಿಗುತ್ತದೆ. 2003ರಲ್ಲಿ ಸುರುವಾದ ಕನ್ನಡ ವಿಕಿಪೀಡಿಯದಲ್ಲಿ ನಿಮಗೆ ಗೊತ್ತಿರುವ ಗಿಡ, ಕೀಟ, ಬೆಳೆಯ ವಿಷಯ ಸೇರಿಸಿ. ತಂತ್ರಾಂಶದಲ್ಲಿ ಕನ್ನಡ ಅಕ್ಷರ ಒಡೆದು ಕಂಡರೆ ಮಾಡಿದವರಿಗೆ ತಿಳಿಸಿ. ಕಾಲೇಜಿಗೆ ಹೋಗುವ ಮಕ್ಕಳು ಇದನ್ನೆಲ್ಲ ಸಲೀಸಾಗಿ ಮಾಡುತ್ತಾರೆ. ಹೇಳಿಕೊಟ್ಟರೆ ನಮಗೂ ಬರುತ್ತದೆ.

ಊರಿನ ಗುಂಪಿನಲ್ಲಿ ಇನ್ನೊಂದು ಕೆಲಸ ಮಾಡಬಹುದು. ವರ್ಡ್‌ಪ್ರೆಸ್‌ನಲ್ಲಿ ಒಂದು ಜಾಲತಾಣ ಕಟ್ಟಿ, ಹೆಸರಿನ ನೋಂದಣಿ ಮತ್ತು ಜಾಗದ ಬಾಡಿಗೆಯನ್ನು ಎಲ್ಲರೂ ಹಂಚಿಕೊಂಡರೆ ತಲಾ ಖರ್ಚು ಹೊರೆಯಾಗದು. ಯಾರ ಬಳಿ ಯಾವ ತಿಂಗಳು ಏನು ಸಿಗುತ್ತದೆ, ಫೋನ್ ನಂಬ್ರ ಏನು, ಇಷ್ಟಿದ್ದರೆ ಸಾಕು. ಫೇಸ್‌ಬುಕ್ಕಿನಲ್ಲಿ ಹಾಕುವ ಪ್ರತಿ ಫೋಟೊದ ಕೆಳಗೆ ಆ ವಿಳಾಸ ಕೊಡಿ. ಬೇರೆಯವರ ಜಾತ್ರೆಯಲ್ಲಿ ನಿಂತು ನಮ್ಮ ಮನೆಯ ದಾರಿ ತೋರಿಸುವುದು ಅಂದರೆ ಇದೇ.

ಹಲಸಿನ ಕಾಲಕ್ಕೆ ಕಾಯುವುದು ಬೇಡ. ಇವತ್ತೇ ರಾತ್ರಿ ಫೋನ್ ಹಿಡಿದು ಕೂತು, ಕಳೆದ ವರ್ಷ ನಿಮ್ಮಿಂದ ಕೊಂಡವರ ಹೆಸರುಗಳನ್ನು ನೋಟುಬುಕ್ಕಿಗೆ ಇಳಿಸಿ. ಐವತ್ತು ಹೆಸರು ಸಿಕ್ಕಿದರೂ ಅದು ನಿಮ್ಮದೇ ಅಂಗಡಿ. ಅದಕ್ಕೆ ಬಾಡಿಗೆ ಇಲ್ಲ. ಹೀಗೆ ಮಾರಿ ನೋಡಿದವರು ತಮ್ಮ ಲೆಕ್ಕ, ಲಾಭ ನಷ್ಟ ಎರಡನ್ನೂ ಬರೆದು ಕಳಿಸಿದರೆ ಉಳಿದ ಕೃಷಿಕರಿಗೂ ದಾರಿಯಾದೀತು.